ಮೂರನೆಯವರ ಸಹಿ

ಏಪ್ರಿಲ್‌ನ ಹಿಮ ಕರಗಿದ ಮೇಲೆ
ಕಚೇರಿಗೆ ಬರುವವರ ಬೂಟಿನಲ್ಲೇ ಗೊತ್ತಾಗುತ್ತದೆ ನನಗೆ
ಯಾರ ಹುಲ್ಲುಗಾವಲಲ್ಲಿ ಎಷ್ಟು ಹೋಗಿದೆ ಎಂದು.
ಕೆಲವರು ಬಾಗಿಲಲ್ಲೇ ಒರೆಸಿಕೊಳ್ಳುತ್ತಾರೆ, ಬಹಳ ಹೊತ್ತು.

ಆರ್ಲಿಸ್ ಹೌಗನ್ ಒರೆಸಿಕೊಳ್ಳಲಿಲ್ಲ.
ಅರವತ್ತಮೂರು, ಅಂದಳು, ಕುರ್ಚಿ ಎಳೆದುಕೊಳ್ಳದೆ. ಕರುಗಳು.
ಫೋನಿನಲ್ಲಿ ಚಿತ್ರಗಳಿದ್ದವು: ಕೊರಕಲಿನ ಮೂಲೆಯಲ್ಲಿ
ಗಾಳಿಗೆ ಬೆನ್ನು ಕೊಟ್ಟು ಒಂದರ ಮೇಲೊಂದು ಒರಗಿದವು,
ಒಗೆದು, ಒಣಹಾಕಲು ಮರೆತ ಬಟ್ಟೆಯ ಗುಡ್ಡೆ.

ಚಿತ್ರ ಸಾಲದು, ಅಂದೆ. (ಅನ್ನಬೇಕಾದವಳು ನಾನೇ.
ಡಕೋಟಾದ ಈ ಮೂಲೆಗೆ ಸರಕಾರ ಅಂದರೆ
ನಾನು, ಒಂದು ಪ್ರಿಂಟರು, ಕೆಮ್ಮುವ ಹೀಟರು.)
ಮೂರನೆಯವರೊಬ್ಬರು ಕಣ್ಣಾರೆ ಎಣಿಸಿ ಸಹಿ ಹಾಕಬೇಕು.
ನೆಂಟರಾಗಿರಬಾರದು. ಆಳಾಗಿರಬಾರದು.
ಲಾಭದಲ್ಲಿ ಪಾಲಿರಬಾರದು, ಚೂರೂ.

ಅವಳು ಕಿಟಕಿಯಾಚೆ ನೋಡಿದಳು. ನಾನೂ ನೋಡಿದೆ.
ಹೌಗನ್ನರು ಹೆಣ್ಣು ತಂದದ್ದು ಕೊಟ್ಟದ್ದು ಎಲ್ಲ
ಈ ಹಳ್ಳದ ಉದ್ದಕ್ಕೇ;
ನೆಂಟನಲ್ಲದವನು ಆಳು, ಆಳಲ್ಲದವನು ಪಾಲುಗಾರ.
ಸೋಸಿ ಸೋಸಿ ಜರಡಿಯಲ್ಲಿ ಉಳಿದವನು ಒಬ್ಬನೇ,
ಡೆಲ್ಮರ್ ಸ್ಕಾಗ್‌ಸ್ಟಾಡ್, ಬೇಲಿಯಾಚೆಯವನು,
ಹನ್ನೊಂದಡಿ ನೆಲಕ್ಕೆ
ಹದಿನಾರು ವರ್ಷದಿಂದ ಮಾತು ಬಿಟ್ಟವನು.

"ಹಗೆ ಇರಬಾರದು ಅಂತ ಬರೆದಿಲ್ಲವಾ?"
ನಮೂನೆ ತಿರುವಿ ಹಿಂದೆಯೂ ನೋಡಿದೆ. ಬರೆದಿರಲಿಲ್ಲ.

ಅವನನ್ನು ಯಾರು ಕೇಳಿದರೋ, ಹೇಗೆ ಕೇಳಿದರೋ.
ಗುರುವಾರ ಬಂದ. ಬೀಜದ ಕಂಪನಿಯ ಪುಟ್ಟ ಪುಸ್ತಕ ತೆಗೆದ:
ಐದೈದರ ಗೀಟುಗಳು, ಒದ್ದೆಯಾಗಿ ಉಬ್ಬಿದ ಹಾಳೆ.
ಅರವತ್ತೊಂದು, ಅಂದ.

ಅವಳು ಅರವತ್ತಮೂರು ಅಂದಿದ್ದಾಳೆ, ಅಂದೆ.
ಬಂತು, ಇಷ್ಟು ವರ್ಷ ಗಂಟಲಲ್ಲಿ ಇಟ್ಟುಕೊಂಡದ್ದು,
ಅಂದುಕೊಂಡೆ ಒಳಗೇ.
"ಹೆಣ ಅರವತ್ತಮೂರೇ. ಎರಡರ ಕಿವಿಯಲ್ಲಿ ನೀಲಿ ಬಿಲ್ಲೆ.
ನೀಲಿ ನನ್ನದು."
ಹಿಮ ಬೇಲಿಯ ನೆತ್ತಿ ಮುಚ್ಚಿದ ರಾತ್ರಿ
ಮೇಲಿಂದಲೇ ನಡೆದು ಹೋಗಿದ್ದವಂತೆ, ಅವಳ ಕರುಗಳ ಬಿಸಿಗೆ.

ಹಾಗಾದರೆ ಆ ಎರಡಕ್ಕೆ ನೀವು ಅರ್ಜಿ ಹಾಕಿ.
ಅದಕ್ಕೂ ಸಾಕ್ಷಿ ಬೇಕು. ನೋಡಿದವರು. ನೆಂಟರಲ್ಲದವರು.
ಅವನು ಟೋಪಿ ತೆಗೆದು ಅದರೊಳಗೆ ಇಣುಕಿದ.
ಹೊರಗೆ ಅವಳ ಟ್ರಕ್ಕು
ಎಂಜಿನ್ ಆರಿಸದೆ ನಿಂತಿತ್ತು.

ನಾನೇ ಹೋಗಿ ಗಾಜು ಬಡಿದೆ. ಅದು ನನ್ನ ಕೆಲಸವಲ್ಲ.

ಬಂದಳು. ಪೆನ್ನನ್ನು ಅಂಗೈಯ ಮೇಲೆ ಗೀಚಿ ನೋಡಿದಳು.
ಹಾಳೆಯಿಂದ ತಲೆಯೆತ್ತದೆ,
"ಸ್ಕಾಗ್‌ಸ್ಟಾಡ್, ಕೊನೆಗೆ ಬರೀ ಡಿ-ಯೋ, ಟಿ-ಯೂ ಇದೆಯೋ?"
ಇಬ್ಬರ ಅಂಚೆಪೆಟ್ಟಿಗೆಯೂ ಒಂದೇ ಕಂಬಕ್ಕಿದೆ.
ದಿನಾ ಕಾಣುವ ಹೆಸರು.
"ಬರೀ ಡಿ," ಅಂದ.

ದುಡ್ಡು ಬಂದದ್ದು ನವೆಂಬರಿನಲ್ಲಿ,
ನೂರಕ್ಕೆ ಎಪ್ಪತ್ತೈದು. ಅವಳದು ಬ್ಯಾಂಕಿಗೆ ಹೋಗಿ
ಬ್ಯಾಂಕಿನಲ್ಲೇ ಉಳಿಯಿತು, ಮೇವಿನ ಸಾಲಕ್ಕೆ.
ಅವನದು ಎರಡು ಕರುವಿನಷ್ಟು, ಅಂದರೆ ಎರಡು ಟೈರಿನಷ್ಟು.
ಕಾಫಿ ಅಂಗಡಿಯಲ್ಲಿ ಮಾತ್ರ
ಇಬ್ಬರೂ ಸರಕಾರವನ್ನು ಹಿಂಡಿದವರೇ.

ಹಿಮದ ಭಾರಕ್ಕೆ ಮಲಗಿದ ಬೇಲಿಗೂ ಪರಿಹಾರ ಉಂಟು:
ಬೇರೆ ನಮೂನೆ, ಬೇರೆ ಗಡುವು.
ಇಬ್ಬರಿಗೂ ಅಂಚೆಯಲ್ಲಿ ಕಳಿಸಿದೆ, ಎರಡು ಸಲ,
ಎರಡನೆಯ ಸಲ ತಾರೀಖಿನ ಕೆಳಗೆ ಕೆಂಪು ಗೆರೆ ಎಳೆದು.
ತಾರೀಖು ಕಳೆಯಿತು.

ಕಡತ ಮುಚ್ಚಲು ಒಂದು ವಾಕ್ಯ ಬೇಕಲ್ಲ, ಟೈಪು ಮಾಡಿದೆ:
ಅರ್ಧ ಮೈಲಿ ಬೇಲಿ. ಎರಡೂ ಕಡೆಯವರು
ನಷ್ಟವೆಂದು ವರದಿ ಮಾಡಿಲ್ಲ.