ಬೋರ್ಡು

ಕಲಬುರಗಿ ಸ್ಟ್ಯಾಂಡು, ಏಪ್ರಿಲ್ಲಿನ ಹನ್ನೊಂದು ಗಂಟೆ.
ಕಿಟಕಿಯ ಕಂಬಿಗೆ ಕೈ ತಾಗಿದರೆ ಚುರುಕ್ಕೆನ್ನುವ ಬಿಸಿಲು.
ನನ್ನ ತೊಡೆಯ ಮೇಲೆ ಇನ್ನೂರು ಕರಪತ್ರ,
ದಪ್ಪ ಅಕ್ಷರದಲ್ಲಿ: ಗ್ರಾಮೀಣ ಜನರಿಗೆ ಅರಿವಿನ ಶಿಬಿರ.
ಸೇಡಂ ದಾಟಿ ಮೂರು ಮೈಲಿ ಆ ಊರು;
ಅರಿವು ಒಯ್ಯುವವನು ನಾನೇ.

ಕಿಟಕಿಯ ಕೆಳಗೆ ಒಬ್ಬಾಕೆ.
ತಲೆಯ ಮೇಲೆ ಸೆರಗು, ಸೆರಗಿನ ಮೇಲೆ ಸಿಂಬಿ,
ಸಿಂಬಿಯ ಮೇಲೆ ಗಂಟು, ಗಂಟಿನಿಂದ ಇಣುಕಿದ
ಹೊಸ ಕಸಬರಿಗೆಯ ಎರಡು ಕಡ್ಡಿ.
"ಯಪ್ಪಾ, ಇದು ಸೇಡಂಕ ಹೋಗ್ತದೇನು?"
ಬೋರ್ಡಿನತ್ತ ಬೆರಳು ಮಾಡಿದೆ, ಮಾಸ್ತರನ ಹಾಗೆ:
"ಬರೆದಿದೆಯಲ್ಲ, ಸೇಡಂ ಅಂತ. ಹತ್ತು."

ಹತ್ತಲಿಲ್ಲ.
ಶೇಂಗಾ ಮಾರುವ ಹುಡುಗನಿಗೆ ಕೇಳಿದಳು.
ಬುರ್ಖಾದ ಹೆಂಗಸೊಬ್ಬಳಿಗೆ ದಖನಿಯಲ್ಲಿ ಕೇಳಿದಳು.
ಕೊನೆಗೆ, ದೂರದಲ್ಲಿ ಟೈರು ಒದ್ದು ನೋಡುತ್ತಿದ್ದ
ಖಾಕಿಯವನತ್ತ ನಡೆದಳು.
ನನಗೆ ಸಿಟ್ಟು. ಸಿಟ್ಟಿನ ತಳದಲ್ಲಿ ಒಂದಿಷ್ಟು ಸಮಾಧಾನವೂ:
ಇದಕ್ಕೇ ಶಿಬಿರ ಬೇಕಾದದ್ದು,
ಎರಡಕ್ಷರ ಬಂದಿದ್ದರೆ ಈ ಪರದಾಟ ಇತ್ತೇ?
ಭಾಷಣದ ಮೊದಲ ಸಾಲು ಇದೇ ಇರಲಿ ಎಂದು
ಕರಪತ್ರದ ಬೆನ್ನಿಗೆ ಬರೆದೂಕೊಂಡೆ:
'ಇಂದು ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ ಪಾಪದ ಹೆಣ್ಣುಮಗಳು'

ಪಾಪದ ಹೆಣ್ಣುಮಗಳು ಓಡಿ ಬಂದು ತಗಡು ಬಡಿದಳು.
"ಇಳೀರಿ, ಇಳೀರಿ! ಇದು ಚಿಂಚೋಳಿಗಿ ಹೊಂಟದ.
ಬೋರ್ಡು ನಿನ್ನೀದಂತ, ತೆಗ್ಯಾದ್ ಮರ್ತಾರ."
"ಬರೆದದ್ದು ಸೇಡಂ ಅಂತಲೇ..." ನನ್ನ ಮೊಂಡುತನ.
"ಬರ್ದಿದ್ದು ಏನಂತ ನಾ ಕೇಳಿಲ್ರಿ ಯಪ್ಪಾ,
ಹೋಗಾದ್ ಎಲ್ಲಿಗಂತ ಕೇಳೀನಿ."

ಇಂಜಿನ್ನು ಕೆಮ್ಮಿತು. ಹಾರಿದೆ.
ಕಟ್ಟು ಬಿಚ್ಚಿಕೊಂಡು
ಅರಿವು ಸ್ಟ್ಯಾಂಡಿನ ತುಂಬ ಹಾರಾಡಿತು.
ಆಕೆ ಗಂಟು ಇಳಿಸಿ, ಬಗ್ಗಿ, ಒಂದೊಂದೇ ಆಯ್ದು,
ಉಫ್ ಎಂದು ಧೂಳು ಊದಿ,
ಮೊಣಕಾಲಿಗೆ ತಟ್ಟಿ ಜೋಡಿಸಿ ಕೊಟ್ಟಳು.
ಅರ್ಧಕ್ಕರ್ಧ ಅಕ್ಷರ ತಲೆಕೆಳಗು,
ಅಂಚು ಮಾತ್ರ ಒಂದೇ ಸಮ.

ಮೂಲೆಯಲ್ಲಿ ಇನ್ನೊಂದು ಬಸ್ಸು. ಬೋರ್ಡೇ ಇಲ್ಲ.
ಮೆಟ್ಟಿಲ ಮೇಲೆ ಕಾಲಿಟ್ಟವಳನ್ನು
ಮೆತ್ತಗೆ ಕೇಳಿದೆ, ಈ ಸಲ ಒಂದು 'ರಿ' ಸೇರಿಸಿ:
"ಇದು ಸೇಡಂಗೆ ಹೋಗ್ತದೇನ್ರಿ?"

"ಹೋಗ್ತದಂತ ಹೇಳ್ಯಾರ," ಅಂದಳು.
"ಇನ್ನೊಬ್ರಿಗಿ ಕೇಳ್ರಿ."