ಕಸದ ಗಾಡಿಯ ಹೊಸ ಪಟ್ಟಿ

ಸೋಮವಾರ ಹಸಿರು ಡಬ್ಬ, ಗುರುವಾರ ಕಪ್ಪು.
ಇಷ್ಟು ಬರೆದು ಎದ್ದುಬಿಡಬಹುದಿತ್ತು ನಾನು,
ಪುರಸಭೆಯ ತಿಂಗಳ ಸೂಚನೆ, ಒಂದೇ ಹಾಳೆ.

ಬೀಕನ್ ರಸ್ತೆಯ ಪಟ್ಟಿ ಮತ್ತೆ ತಿದ್ದಬೇಕು ಆದರೆ.
ಹೋದ ಮಾರ್ಚಿಗೆ ಹದಿನಾಲ್ಕು ಮನೆ,
ಈಗ ಒಂಬತ್ತು.
ನಾರ್ಫೋಕ್ ದಂಡೆಯ ಈ ಮರಳುದಿಬ್ಬದ ಮೇಲೆ
ಬಸ್ ಸ್ಟಾಪು ಮೂರನೇ ಸಲ ಸರಿದಿದೆ,
ಕಡಲಿಗೆ ಬೆನ್ನು ತೋರದೆ,
ದೊರೆಯೆದುರಿಂದ ಹಿಂದೆ ಹಿಂದೆ ನಡೆದು ಹೊರಬರುವವನ ಹಾಗೆ.

ತೆರಿಗೆ ವಿಭಾಗದ ಕಂಪ್ಯೂಟರಿಗೆ ಕಡಲು ಗೊತ್ತಿಲ್ಲ.
ಕಾರಣ ಕೇಳುತ್ತದೆ:
ಮಾರಾಟ, ಮರಣ, ಕೆಡವಲಾಗಿದೆ.
‘ಇತರೆ’ ಒತ್ತಿದೆ.

ನಿನ್ನೆ ಕೌಂಟರಿಗೆ ಬಂದರು ಎನಿಡ್ ಥರ್ಕೆಟಲ್,
ಇಪ್ಪತ್ತೇಳನೇ ನಂಬರಿನವರು.
ಕೈಯಲ್ಲಿ ನಮ್ಮದೇ ಕಾಗದ:
‘ನಿಮ್ಮ ಬೇಲಿಗಿಡ ಕಾಲುದಾರಿಗೆ ಚಾಚಿದೆ,
ಹದಿನಾಲ್ಕು ದಿನದೊಳಗೆ ಕತ್ತರಿಸತಕ್ಕದ್ದು.’

ಸಿಟ್ಟಿರಲಿಲ್ಲ.
ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದರು, ಎರಡು ಸಲ,
ಮೀನು ಲೈಸೆನ್ಸಿಗೆ ನಿಂತವರೂ ಕೇಳುವ ಹಾಗೆ.
ಆಮೇಲೆ: ಕತ್ತರಿಸಿದ್ದಾಯಿತು ಅಂತ ಬರಕೊಳ್ಳಿ,
ನೀಟಾಗಿ, ಬುಡಸಮೇತ.
ದಾರಿಯೂ ಸೇರಿ.

ಬರೆದುಕೊಂಡೆ. ಮೊಹರು ಒತ್ತಿ ರಸೀದಿ ಕೊಟ್ಟೆ.

ಬಾಗಿಲವರೆಗೆ ಹೋದವರು ತಿರುಗಿದರು.
ಹಸಿರು ಡಬ್ಬವೊಂದನ್ನು ಎಳೆದುಕೊಂಡು ಬಂದೆ ಮಾರಾಯ್ತಿ,
ಯಾಕೋ ಗೊತ್ತಿಲ್ಲ,
ಗಡಿಯಾರ ಬಿಟ್ಟು ಅದನ್ನು.
ಮೈಮೇಲೆ ನಂಬರ್ ಇದೆ, ನನ್ನವರು ಬರೆದದ್ದು.
ತಂಗಿಮಗಳ ಗೇಟಿನಲ್ಲಿಟ್ಟರೆ ಒಯ್ಯುತ್ತೀರಾ?

ನಿಯಮದಲ್ಲಿಲ್ಲ. ಮನೆಗೊಂದೇ ಡಬ್ಬ.

ಗಾಡಿಯ ನೆವಿಲ್‌ಗೆ ಫೋನು ಮಾಡಿದೆ.
ಇಪ್ಪತ್ತೇಳಾ? ಅದು, ಅಂದ.
ಗೇರು ಬದಲಿಸುವ ಸದ್ದು.
ಯಾವ ಗೇಟು ಹೇಳು.

ಹಾಗಾಗಿ, ಮಹಾಜನರೇ, ಗಮನಿಸಿ,
ಚರ್ಚ್ ಲೇನ್, ಸೋಮವಾರ, ಬೆಳಗ್ಗೆ ಏಳರಿಂದ:
ಎರಡು, ನಾಲ್ಕು, ಆರು, ಇಪ್ಪತ್ತೇಳು, ಎಂಟು.