ಹದಿನಾಲ್ಕನೇ ಅಡಿಟಿಪ್ಪಣಿ

ಎರಡನೇ ಪಿಯುಸಿಯ ಲವೀನಾ ಕ್ರಾಸ್ತಾ
ಊಟದ ಬೆಲ್ಲಾದ ಮೇಲೆ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು
'ಸರ್, ಒಂದು ಡೌಟುಂಟು' ಅಂದಳು.
ಕೈಯಲ್ಲಿ ಮೂರು ಪುಸ್ತಕ, ಪುಟಗಳ ನಡುವೆ
ಗುರುತಿಗೆ ಬಸ್ ಟಿಕೇಟು.

ಅವಳ ಪ್ರಾಜೆಕ್ಟು ಗುಮಟೆಯ ಮೇಲೆ.
ಜೂನ್ ತಿಂಗಳಲ್ಲಿ ನಾನೇ ಬೋರ್ಡಿನಲ್ಲಿ ಬರೆದು
ಅಡಿಗೆರೆ ಎಳೆದಿದ್ದೆ:
ಯಾರು ಹೇಳಿದ್ದು? ಅವರಿಗೆ ಹೇಗೆ ಗೊತ್ತು?
ಶ್ರುತಿ ನೋಡದೆ ಹಾಡಲು ಕೂರುತ್ತೀರಾ?
ಹಾಗೆಯೇ ಆಕರ ನೋಡದೆ ವಾಕ್ಯ ಎತ್ತಬೇಡಿ.
ಚೆನ್ನಾಗಿ ಬಂತು ಅನ್ನಿಸಿ
ಬಿ ಸೆಕ್ಷನ್ನಿನಲ್ಲೂ ಅದನ್ನೇ ಹೇಳಿದ್ದೆ.

ಮಕ್ಕಳು ನಿಜಕ್ಕೂ ನಂಬಿಬಿಟ್ಟರೆ
ಮೇಷ್ಟ್ರ ಗತಿ ಏನು?

'ಮೂರರಲ್ಲೂ ಒಂದೇ ಮಾತು ಸರ್,
ಗುಮಟೆಗೆ ನಮ್ಮ ಕರಾವಳಿಯಲ್ಲಿ
ಮುನ್ನೂರ ನಲವತ್ತು ವರ್ಷದ ಇತಿಹಾಸ ಅಂತ.
ಮೂರು ಜನ ಹೇಳಿದರೆ ಸರಿಯೇ ಅಂತ ಬರೆದೆ.
ಮತ್ತೆ ನೋಡಿದರೆ ಮೂರರಲ್ಲೂ ಆ ಒಂದು ಸಾಲಿನಲ್ಲಿ
ಕರಾವಳಿ ಹೋಗಿ ಕಾರವಳಿ ಆಗಿದೆ.
ತಪ್ಪು ಕೂಡ ನಕಲು ಸರ್.
ಹಾಗಾದರೆ ಇವರು ಮೂರು ಜನ ಅಲ್ಲ, ಒಬ್ಬರೇ.'

ಮೂರನೆಯದು ಎರಡನೆಯದರ ಕಡೆ ಬೆರಳು ತೋರಿಸುತ್ತದಂತೆ,
ಎರಡನೆಯದು ಮೊದಲನೆಯದರ ಕಡೆ,
ಮೊದಲನೆಯದರ ಹದಿನಾಲ್ಕನೇ ಅಡಿಟಿಪ್ಪಣಿ
ಯಾವುದೋ ಶಾಲೆಯ ಬೆಳ್ಳಿಹಬ್ಬದ ಸಂಚಿಕೆಯ ಕಡೆ.
ಅದು ನಮ್ಮ ಲೈಬ್ರರಿಯಲ್ಲಿ ಇಲ್ಲ,
ಅಜ್ಜರಕಾಡಿನಲ್ಲೂ ಇಲ್ಲ.
ಸಂತೆಕಟ್ಟೆಯ ಆ ಶಾಲೆಗೇ ಹೋಗಿ
ಅಟ್ಟದಲ್ಲಿ, ಆಟದ ಗೆರೆ ಎಳೆಯುವ ಸುಣ್ಣದ ಡಬ್ಬಗಳ ಹಿಂದೆ
ಗೆದ್ದಲು ತಿಂದುಳಿದ ಒಂದು ಪ್ರತಿ ಹುಡುಕಿದಳಂತೆ.

ಮೊಬೈಲಿನಲ್ಲಿ ಫೋಟೋ ಹಿಗ್ಗಿಸಿ ತೋರಿಸಿದಳು.
ಪುಟ ಐವತ್ತೊಂದು. ಇಸವಿ ಎಂಬತ್ತೊಂಬತ್ತು.
ಕೆಳಗೆ ದಪ್ಪ ಅಕ್ಷರದಲ್ಲಿ
ವಾಮನ ಸೇರಿಗಾರ, ಬಿ.ಎ.

'ಇದು ನೀವಾ ಸರ್?'

ಬುತ್ತಿಯಲ್ಲಿ ಬಂಗುಡೆ ಗಸಿ ಆರುತ್ತಿತ್ತು.

ಪ್ರೆಸ್ಸಿನ ದೂಮಪ್ಪ ಮೊಳೆ ಜೋಡಿಸುತ್ತ ಅಂದದ್ದು ನೆನಪಾಯಿತು,
'ಪುಟದಡಿಯಲ್ಲಿ ಎರಡು ಸಾಲು ಖಾಲಿ ಉಂಟು ಮಾರಾಯ,
ಎಂತಾದರೂ ಕೊಡು.'
ಇಪ್ಪತ್ತೆರಡರ ನಾನು, ಕೊನೆಯ ಬಸ್ಸಿನ ಚಿಂತೆ.
ಆ ವಾರ ಬ್ರಹ್ಮಾವರದಿಂದ ಬರುವಾಗ
ಪಕ್ಕದ ಸೀಟಿನವರು ಹೇಳಿದ್ದನ್ನು ಗೀಚಿ ಕೊಟ್ಟೆ.
ಅವರು ಹೇಳಿದ್ದು ಮುನ್ನೂರು.
ನಲವತ್ತು ನಾನು ಸೇರಿಸಿದ್ದು,
ಬರೀ ಮುನ್ನೂರು ಅಂದರೆ ಯಾರೂ ನಂಬುವುದಿಲ್ಲವೆಂದು.
ಕಾರವಳಿ ಮಾತ್ರ ದೂಮಪ್ಪನದು.

ಮೂವತ್ತಾರು ವರ್ಷದಲ್ಲಿ
ಆ ನಲವತ್ತಕ್ಕೆ ಗಟ್ಟಿ ರಟ್ಟು ಬಂದಿದೆ,
ಮುನ್ನುಡಿ ಬಂದಿದೆ,
ಕಪಾಟಿನಲ್ಲಿ ನಂಬರು ಸಿಕ್ಕಿದೆ.

'ಕೊಕ್ಕರ್ಣೆಗೂ ಹೋಗಿದ್ದೆ ಸರ್' ಎಂದು
ರೆಕಾರ್ಡಿಂಗ್ ಒತ್ತಿದಳು.
ಒಂದು ಕೋಳಿ, ಒಂದು ಸ್ಕೂಟರು, ಮತ್ತೆ ಚಿಕ್ಕು ನಾಯ್ಕರ ದನಿ:
'ನನ್ನ ಅಜ್ಜ ಬಾರಿಸುದು ನಾನು ನೋಡಿದ್ದೇನೆ.
ಅದರ ಹಿಂದಿನದ್ದು ನನಗೆಂತ ಗೊತ್ತು ಮಗಾ?
ಮೊದಲು ಉಡದ ಚರ್ಮ, ಈಗ ಕಾನೂನು ಬಂತು, ಆಡಿನದ್ದು.
ಸ್ವರ ಅದೇ ಅಲ್ಲ.'
ಬಾರಿಸಿದರು. ನಿಲ್ಲಿಸಿದರು.
'ಇದು ತಪ್ಪಿತು, ಅಳಿಸು' ಎಂದು ಮತ್ತೊಮ್ಮೆ ಬಾರಿಸಿದರು.
ಅವಳು ಎರಡನ್ನೂ ಉಳಿಸಿಕೊಂಡಿದ್ದಳು.

'ಗೊತ್ತಿಲ್ಲ ಅಂತ ಬರೆದರೆ ಮಾರ್ಕು ಹೋಗ್ತದಾ ಸರ್?'

ಹೋಗಬಹುದು.
ಅದನ್ನು ಹೇಳದೆ, ನೋಟ್ಸ್ ತೆಗಿ ಅಂದೆ.
ಬರಿ: ವಾಮನ ಸೇರಿಗಾರ, ಸಂದರ್ಶನ, ಉಡುಪಿ,
ಮಧ್ಯಾಹ್ನ ಒಂದೂ ಕಾಲು.
ಮುನ್ನೂರಕ್ಕೆ ಆಕರ, ಬಸ್ಸಿನಲ್ಲಿ ಒಬ್ಬರು.
ನಲವತ್ತಕ್ಕೆ, ಸ್ವಂತ.

ಅವಳು ನಗಲಿಲ್ಲ. ನಕ್ಕಿದ್ದರೆ ಒಳ್ಳೆಯದಿತ್ತು.
ಒಂದೊಂದೇ ಅಕ್ಷರ ಇಳಿಸಿಕೊಂಡು, ಪೆನ್ನು ಎತ್ತಿ,
'ಬಸ್ಸಿನ ಹೆಸರು ಸರ್?'

ನಾಲಗೆಯ ತುದಿಗೆ ಒಂದು ಹೆಸರು ಬಂತು,
ಚಂದದ್ದೇ,
ಆ ಕಾಲದ ಬಸ್ಸಿಗೆ ಒಪ್ಪುವಂಥದ್ದು.

ಗೊತ್ತಿಲ್ಲ ಅಂದೆ.